ಚೈನಿನ ಮಾನ ಕಳೆದವರು ಯಾರು?

ಬೆಲ್ಟಿನ ಪಕ್ಷ, ಚೈನಿನ ಪಕ್ಷ ಎಂದು ನಮ್ಮ ಮೋಟರ್‌ಸೈಕಲ್ ಸವಾರರಲ್ಲಿ ಈಗ ಎರಡು ಪಂಗಡಗಳಾಗಿವೆ. ಸಂಘದಲ್ಲಿ ನಾಟಕವೋ ತಾಳಮದ್ದಲೆಯೋ ಮುಗಿದು ಕಾಫಿಯ ಲೋಟ ಕೈಗೆ ಬಂದಿತೆಂದರೆ ತರುಣರ ಗುಂಪಿನಿಂದ ಇದೇ ವಾದ ಕೇಳಿಬರುತ್ತದೆ. "ಚೈನು ಅಜ್ಜನ ಕಾಲದ್ದು; ಎಣ್ಣೆ ಕೇಳುತ್ತದೆ, ಸದ್ದು ಮಾಡುತ್ತದೆ, ಪ್ಯಾಂಟು ಹಾಳು ಮಾಡುತ್ತದೆ, ತಿಂಗಳಿಗೊಮ್ಮೆ ಬಿಗಿ ಮಾಡಿಸಬೇಕು. ಬೆಲ್ಟಿಗೆ ಇದೊಂದೂ ಬೇಡ. ಹೊರದೇಶಗಳಲ್ಲಿ ಬೆಲ್ಟು ಬಂದು ಎಷ್ಟೋ ಕಾಲವಾಯಿತು, ನಮ್ಮ ಪಾಲಿಗೆ ಮಾತ್ರ ಇನ್ನೂ ಈ ಸರಪಳಿ" ಎಂಬುದು ಬೆಲ್ಟಿನವರ ಮಾತು. ಚೈನಿನವರು ಕೊಡುವ ಉತ್ತರವೋ ಅದಕ್ಕಿಂತಲೂ ಬಡವಾದದ್ದು: "ನಮಗೆ ಇದೇ ಅಭ್ಯಾಸ." ಅಭ್ಯಾಸವೆಂಬುದು ವಾದವಲ್ಲ ಸ್ವಾಮಿ.

ನಾನು ಚೈನಿನ ಪರ. ಆದರೆ ಈಗಿನ ಷೋರೂಮುಗಳಲ್ಲಿ ಬೆತ್ತಲೆಯಾಗಿ ನಿಂತಿರುವ ಚೈನಿನ ಪರವಲ್ಲ. ಚೈನಿನ ಮೇಲೆ ಹೊರಿಸಲಾಗಿರುವ ಆರೋಪಗಳಲ್ಲಿ ಬಹುಪಾಲು ಚೈನಿನ ತಪ್ಪಲ್ಲ. ಅದರ ಮೈಮೇಲಿದ್ದ ಹೊದಿಕೆಯನ್ನು ಕಿತ್ತುಕೊಂಡವರ ತಪ್ಪು. ಮೊದಲು ಅದರ ಬಟ್ಟೆ ಬಿಚ್ಚಿ, ಮಳೆಯಲ್ಲಿ ನೆನೆಸಿ, ಧೂಳಿನಲ್ಲಿ ಹೊರಳಾಡಿಸಿ, ಆಮೇಲೆ "ನೋಡಿ, ಎಷ್ಟು ಕೊಳಕು!" ಎಂದು ಮೂಗು ಮುಚ್ಚಿಕೊಳ್ಳುವುದು ಯಾವ ನ್ಯಾಯ? ಈ ನ್ಯಾಯವನ್ನು ಪ್ರಶ್ನಿಸುವುದಕ್ಕಾಗಿಯೇ ಈ ಬರಹ.

ಮುಂದೆ ಹೋಗುವ ಮೊದಲು ಒಂದು ಗೊಂದಲ ನಿವಾರಿಸಬೇಕು. ಎಂಜಿನ್ನಿನ ಬಲ ಗೇರ್‌ಬಾಕ್ಸಿನಿಂದ ಹೊರಬಿದ್ದು ಹಿಂದಿನ ಗಾಲಿಗೆ ತಲುಪುವ ಕಡೆಯ ಹಂತ ಇಲ್ಲಿಯ ವಿಷಯ. "ನನ್ನ ಆ್ಯಕ್ಟಿವಾದಲ್ಲಿ ಬೆಲ್ಟೇ ಇರುವುದು, ಇಪ್ಪತ್ತು ಸಾವಿರ ಕಿಲೋಮೀಟರ್ ಏನೂ ಆಗಲಿಲ್ಲ" ಎಂದು ನಡುವೆ ಬಾಯಿ ಹಾಕುವವರಿದ್ದಾರೆ. ಗೇರಿಲ್ಲದ ಸ್ಕೂಟರಿನ ಹೊಟ್ಟೆಯೊಳಗಿರುವ ಬೆಲ್ಟು ಗೇರು ಬದಲಿಸುವ ಕೆಲಸ ಮಾಡುವಂಥದು. ಅದಾದ ಮೇಲೆ ಗಾಲಿಗೆ ಬಲ ಮುಟ್ಟಿಸುವುದು ಎಣ್ಣೆಯಲ್ಲಿ ಮುಳುಗಿರುವ ಹಲ್ಲುಗಾಲಿಗಳು. ಆ ಬೆಲ್ಟಿಗೂ ಈ ಬೆಲ್ಟಿಗೂ ನಂಟಿಲ್ಲ.

ಬೆಲ್ಟು ಹೊಸದು, ಚೈನು ಹಳೆಯದು ಎಂಬುದೂ ಪೂರ್ತಿ ನಿಜವಲ್ಲ. ಮೋಟರ್‌ಸೈಕಲ್ ಹುಟ್ಟಿದ ಕಾಲದಲ್ಲಿ ಗಾಲಿ ತಿರುಗಿಸುತ್ತಿದ್ದುದು ಹೆಚ್ಚಾಗಿ ತೊಗಲಿನ ಬೆಲ್ಟೇ. 1903ರಲ್ಲಿ ಹೊರಟ ಹಾರ್ಲೆ-ಡೇವಿಡ್‌ಸನ್ನಿನ ಮೊದಲ ಗಾಡಿಗಳಿಗೂ ತೊಗಲಿನ ಪಟ್ಟಿಯೇ ಇತ್ತು. ಮಳೆ ಬಂದರೆ ಅದು ಜಾರುತ್ತಿತ್ತು, ಏರು ಬಂದರೂ ಜಾರುತ್ತಿತ್ತು. ಸವಾರ ಇಳಿದು ತಳ್ಳಬೇಕು. 1912ರ ಹೊತ್ತಿಗೆ ಹಾರ್ಲೆಯವರು ಚೈನಿನ ಗಾಡಿಯನ್ನು ಮಾರಾಟಕ್ಕಿಟ್ಟರು. ಮುಂದೆ ಬಹಳ ಕಾಲ ಚೈನೇ ನಡೆಯಿತು. ಆ ಚೈನಿನ ಮೂಲಪುರುಷ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬವನು. 1880ರಲ್ಲಿ ಅವನು ರೂಪಿಸಿದ ಬುಷ್-ರೋಲರ್ ಚೈನಿಗೂ ಇಂದು ನಮ್ಮ ಗಾಡಿಯಲ್ಲಿರುವ ಚೈನಿಗೂ ಮೂಲ ರಚನೆಯಲ್ಲಿ ವ್ಯತ್ಯಾಸವಿಲ್ಲ. ಒಂದು ಪಿನ್ನು, ಅದರ ಮೇಲೆ ಬುಷ್, ಅದರ ಮೇಲೆ ಉರುಳುವ ರೋಲರು, ಎರಡು ಕಡೆ ತಗಡು. ಇಷ್ಟೇ.

ಬೆಲ್ಟು ಮರಳಿ ಬಂದದ್ದು 1980ರಲ್ಲಿ, ಅದೇ ಹಾರ್ಲೆಯವರ ಸ್ಟರ್ಜಿಸ್ ಎಂಬ ಮಾದರಿಯಲ್ಲಿ. ಈ ಸಲ ತೊಗಲಲ್ಲ. ಹಲ್ಲುಗಳುಳ್ಳ ರಬ್ಬರಿನ ಪಟ್ಟಿ, ಒಳಗೆ ಉಕ್ಕಿನ ತಂತಿಗೂ ಸರಿಗಟ್ಟುವ ಅರಾಮಿಡ್ ಎಂಬ ಕೃತಕ ನಾರು. ಹಲ್ಲಿಗೆ ಹಲ್ಲು ಕೂಡುವುದರಿಂದ ಜಾರುವ ಪ್ರಶ್ನೆಯಿಲ್ಲ. ಎಣ್ಣೆ ಬೇಡ. ಸದ್ದು ಕಡಿಮೆ. ಹಿಗ್ಗುವುದು ಅತ್ಯಲ್ಪ. ಅಗಲವಾದ ಒಳ್ಳೆಯ ರಸ್ತೆಯಲ್ಲಿ ದಿನಕ್ಕೆ ಐನೂರು ಕಿಲೋಮೀಟರ್ ಒಂದೇ ಸಮನೆ ಓಡುವ ಭಾರಿ ಗಾಡಿಗೆ ಇದು ಹೇಳಿ ಮಾಡಿಸಿದ ಸಾಧನ. ಅಂಥ ಗಾಡಿಯಲ್ಲಿ ಬೆಲ್ಟು ಚೈನಿಗಿಂತ ಎರಡು ಮೂರು ಪಟ್ಟು ಬಾಳುತ್ತದೆ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ, ನಾನೂ ಅಲ್ಲಗಳೆಯುವುದಿಲ್ಲ.

ಆದರೆ ಬೆಲ್ಟಿಗೂ ಅದರದೇ ಆದ ಠೀವಿ ಇದೆ. ಅದು ಸಣ್ಣ ಹಲ್ಲುಗಾಲಿಯ ಮೇಲೆ ಮೈ ಬಗ್ಗಿಸುವುದಿಲ್ಲ, ಆದ್ದರಿಂದ ಮುಂದಿನ ಗಾಲಿಯೂ ದೊಡ್ಡದಿರಬೇಕು, ಹಿಂದಿನದು ಅದಕ್ಕಿಂತ ದೊಡ್ಡದಿರಬೇಕು. ನೂರು ಸಿಸಿ ಗಾಡಿಯ ಚೈನಿನಲ್ಲಿ ರೋಲರಿನ ಅಗಲ ಕಾಲು ಇಂಚಿನ ಆಸುಪಾಸು. ಭಾರಿ ಗಾಡಿಯ ಬೆಲ್ಟು ಸುಮಾರು ಒಂದು ಇಂಚು. ಅಷ್ಟು ಜಾಗ ಬಿಟ್ಟುಕೊಟ್ಟು ಇಡೀ ಗಾಡಿಯನ್ನು ಬೆಲ್ಟಿಗೆಂದೇ ರಚಿಸಬೇಕಾಗುತ್ತದೆ. ಬೆಲ್ಟನ್ನು ಮಡಿಸುವಂತಿಲ್ಲ, ತಿರುಚುವಂತಿಲ್ಲ. ಒಳಗಿನ ನಾರು ಕಣ್ಣಿಗೆ ಕಾಣದಂತೆ ಮುರಿದು ಆಮೇಲೊಂದು ದಿನ ಕೈ ಕೊಡುತ್ತದೆ. ಬೆಲ್ಟಿಗೂ ಹಲ್ಲುಗಾಲಿಗೂ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿತೋ, ಪಟ್ಟಿಯಲ್ಲಿ ತೂತು. ಚೈನು ಅದೇ ಕಲ್ಲನ್ನು ಅಗಿದು ಉಗುಳಿ ಮುಂದೆ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಬೆಲ್ಟಿಗೆ ಕೊಂಡಿ ಇಲ್ಲ. ಅದು ಆದಿಯೂ ಅಂತ್ಯವೂ ಇಲ್ಲದ ಒಂದೇ ಬಳೆ. ಹಾಳಾದರೆ ಹೊಸದನ್ನು ಹಾಕಲು ಸಾಮಾನ್ಯವಾಗಿ ಹಿಂದಿನ ಗಾಲಿಯನ್ನೂ ಅದನ್ನು ಹೊತ್ತ ಸ್ವಿಂಗ್ ಆರ್ಮನ್ನೂ ಬಿಚ್ಚಬೇಕು. ನಮ್ಮವರೆಷ್ಟೋ ಮಂದಿ ಗಣೇಶ ಚೌತಿಗೆ, ದೀಪಾವಳಿಗೆ ಪನ್ವೇಲಿನಿಂದ 66ನೆಯ ಹೆದ್ದಾರಿ ಹಿಡಿದು ಕುಂದಾಪುರ, ಉಡುಪಿಗೆ ಗಾಡಿಯಲ್ಲೇ ಹೋಗುತ್ತಾರೆ. ಚಿಪ್ಳೂಣಿನ ಆಚೆ ಎಲ್ಲೋ ರಾತ್ರಿ ಚೈನು ತುಂಡಾಯಿತು ಎನ್ನಿ. ಮಾರನೆಯ ಬೆಳಿಗ್ಗೆ ಹತ್ತಿರದ ಪೇಟೆಯಲ್ಲಿ ಒಂದು ಲಿಂಕ್, ಒಂದು ಲಾಕ್ ಸಿಕ್ಕಿಯೇ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಹೊರಡಬಹುದು. ಬೆಲ್ಟು ತುಂಡಾಯಿತು ಎನ್ನಿ. ಗಾಡಿಯನ್ನು ಟೆಂಪೋಗೆ ಏರಿಸಿ, ತಾವು ರೈಲು ಹಿಡಿಯುವುದು. ಚೆನ್ನೈಯ ಡೈಮಂಡ್ ಚೈನು, ಕೊಯಮತ್ತೂರಿನ ರೋಲಾನ್ ಚೈನು ಸಿಗದ ತಾಲ್ಲೂಕು ಕೇಂದ್ರ ಈ ದೇಶದಲ್ಲಿದೆಯೇ? ನೂರು ಸಿಸಿ ಗಾಡಿಗೆ ಚೈನು ಮತ್ತು ಎರಡು ಸ್ಪ್ರಾಕೆಟ್ ಸೇರಿದ ಸೆಟ್ಟಿಗೆ ಸಾವಿರ-ಎರಡು ಸಾವಿರದ ಆಸುಪಾಸು ಸಾಕು. ದಿನವಿಡೀ ಊಟದ ಪೊಟ್ಟಣ ಹೊತ್ತು ಊರು ಸುತ್ತುವ ಡೆಲಿವರಿ ಹುಡುಗನಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಬೆಲ್ಟಿನ ಧ್ವಜ ಹಿಡಿದ ಹಾರ್ಲೆಯವರೇ ಏನು ಮಾಡಿದರು ನೋಡಿ. 2014ರಲ್ಲಿ ನಮ್ಮ ದೇಶಕ್ಕೆ ಬಂದ ಅವರ ಸ್ಟ್ರೀಟ್ 750 ಗಾಡಿಗೆ ಬೆಲ್ಟಿತ್ತು. 2020ರಲ್ಲಿ ಅವರು ಇಲ್ಲಿಯ ಸ್ವಂತ ತಯಾರಿಕೆ ನಿಲ್ಲಿಸಿದರು. 2023ರಲ್ಲಿ ಹೀರೋದವರ ಜೊತೆ ಸೇರಿ ಇಲ್ಲಿಯ ಜನಸಾಮಾನ್ಯರಿಗೆಂದು ಎಕ್ಸ್ 440 ತಂದಾಗ ಅದಕ್ಕೆ ಹಾಕಿದ್ದು ಚೈನು. ಜರ್ಮನಿಯ ಬಿಎಂಡಬ್ಲ್ಯೂದವರು 2006ರಲ್ಲಿ ಎಫ್ 800 ಗಾಡಿಯ ರಸ್ತೆ ಮಾದರಿಗೆ ಬೆಲ್ಟು ಕೊಟ್ಟರು. ಅದೇ ಎಂಜಿನ್ನಿನ ಕಾಡುಮೇಡಿನ ಮಾದರಿಗೆ ಚೈನನ್ನೇ ಕೊಟ್ಟರು. ಕಲ್ಲು, ಕೆಸರು, ಹೊಂಡ ಇರುವಲ್ಲಿ ಏನು ಬೇಕೆಂದು ತಯಾರಕರಿಗೆ ಗೊತ್ತಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯ ರಸ್ತೆ ಯಾವ ಜಾತಿಗೆ ಸೇರಿದ್ದೆಂದು ನಾನು ಬೇರೆ ಹೇಳಬೇಕೆ?

ಇನ್ನು ಚೈನಿನ ದೋಷಗಳಿಗೆ ಬರೋಣ. ಚೈನು "ಉದ್ದವಾಗುತ್ತದೆ" ಎನ್ನುತ್ತಾರೆ. ಉಕ್ಕಿನ ತಗಡು ಎಳೆದರೆ ಉದ್ದವಾಗುವ ಲಾಡಿಯಲ್ಲ. ಸವೆಯುವುದು ಒಳಗಿನ ಪಿನ್ನು ಮತ್ತು ಬುಷ್. ಸಾಮಾನ್ಯ ಗಾಡಿಯ 428 ನಂಬರಿನ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. 116 ಕೊಂಡಿಗಳಿವೆ ಎಂದಿಟ್ಟುಕೊಳ್ಳಿ. ಒಂದೊಂದು ಕೀಲಿನಲ್ಲೂ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸವೆದರೆ ಇಡೀ ಚೈನು ಹನ್ನೊಂದೂವರೆ ಮಿಲಿಮೀಟರು ಉದ್ದವಾಯಿತು. ಅಷ್ಟು ಸಾಕು, ಅದು ಹಲ್ಲಿನ ಮೇಲೇರಿ ಕೂರುತ್ತದೆ, ಸ್ಪ್ರಾಕೆಟಿನ ಹಲ್ಲು ಗರಗಸದ ಹಲ್ಲಿನಂತೆ ಬಾಗುತ್ತದೆ.

ಹಾಗಾದರೆ ಕೀಲು ಸವೆಯುವುದೇಕೆ? ಬರಿಯ ಎಳೆತದಿಂದ ಅಷ್ಟಾಗಿ ಅಲ್ಲ. ಮುಂದಿನ ಟಯರು ಎರಚುವ ಮರಳು, ಕಟ್ಟಡಗಳ ಸಿಮೆಂಟು ಧೂಳು, ಮೆಟ್ರೋ ಅಗೆತದ ಮಣ್ಣು, ನಮ್ಮ ಸಮುದ್ರದಂಡೆಯ ಉಪ್ಪುಗಾಳಿ, ಇವೆಲ್ಲ ಚೈನಿನ ಎಣ್ಣೆಗೆ ಅಂಟಿ ಕರಿಯ ಪಾಯಸವಾಗುತ್ತದೆ. ಆ ಪಾಯಸ ಕೀಲಿನೊಳಗೆ ಸೇರಿ ಸಾಣೆ ಹಿಡಿಯುವ ಪುಡಿಯಂತೆ ಕೆಲಸ ಮಾಡುತ್ತದೆ. ಎಣ್ಣೆ ಹಾಕಿದಷ್ಟೂ ಧೂಳು ಅಂಟುತ್ತದೆ, ಹಾಕದಿದ್ದರೆ ತುಕ್ಕು. ಬೆತ್ತಲೆ ಚೈನಿಗೆ ಎಣ್ಣೆ ಹಾಕುವುದೆಂದರೆ ಬಿಸಿಲಿನಲ್ಲಿ ಕೊಡೆಯಿಲ್ಲದೆ ಕೂರಿಸಿ ಬೀಸಣಿಗೆ ಬೀಸಿದಂತೆ. ಮಿಕ್ಕ ಆರೋಪಗಳೂ ಅಲ್ಲಿಂದಲೇ ಹುಟ್ಟಿದವು. ಪ್ಯಾಂಟಿಗೆ ಕಲೆ ಏಕೆ? ಹೊದಿಕೆ ಇಲ್ಲದೆ ಎಣ್ಣೆ ಸಿಡಿಯುವುದರಿಂದ. ಸದ್ದು ಏಕೆ? ಒಣಗಿ ಸಡಿಲಾದದ್ದರಿಂದ. ಮೇಲಿಂದ ಮೇಲೆ ಬಿಗಿಯುವುದೇಕೆ? ಕೀಲು ಸವೆದದ್ದರಿಂದ. ಬೆಲ್ಟಿನವರು ಪಟ್ಟಿ ಮಾಡುವ ದೋಷಗಳೆಲ್ಲ ಒಂದೇ ತಾಯಿಯ ಮಕ್ಕಳು.

ಇದಕ್ಕೆ ಮದ್ದು ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಾನ್ ಮಾರ್ಸ್ಟನ್ ಎಂಬವರ ಸನ್‌ಬೀಮ್ ಕಾರ್ಖಾನೆ ಇತ್ತು. ಅವರು ಮೊದಲು ಸೈಕಲ್ಲಿನ ಚೈನನ್ನು, ಆಮೇಲೆ 1912ರಿಂದ ಮಾಡಿದ ಮೋಟರ್‌ಸೈಕಲ್ಲಿನ ಚೈನನ್ನು ಎಣ್ಣೆಯಿರುವ ಮುಚ್ಚಿದ ಡಬ್ಬಿಯಲ್ಲಿಟ್ಟರು. "ಪುಟ್ಟ ಎಣ್ಣೆಸ್ನಾನ" ಎಂಬರ್ಥದ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು. ನಮ್ಮ ಮುಂಬಯಿಯ ಭಾಂಡೂಪಿನಲ್ಲಿ ತಯಾರಾಗುತ್ತಿದ್ದ ಲ್ಯಾಂಬ್ರೆಟಾ ಸ್ಕೂಟರಿನ ಎಂಜಿನ್ನಿನೊಳಗೂ ಚೈನೇ ಇತ್ತು. ಅದನ್ನು ಓಡಿಸಿದ ಹಿರಿಯರನ್ನು ಕೇಳಿ, "ಚೈನೇ? ಎಲ್ಲಿತ್ತು?" ಎಂದಾರು. ಎಣ್ಣೆಯಲ್ಲಿ ಮುಳುಗಿ ಕುಳಿತ ಚೈನು ತನ್ನ ಇರವನ್ನೇ ಮರೆಸುತ್ತದೆ.

ಅಷ್ಟು ದೂರವೇಕೆ, ನಮ್ಮ ಮೈಸೂರಿನ ಯಾದವಗಿರಿಗೆ ಬನ್ನಿ. ಫಾರೂಕ್ ಇರಾನಿ, ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯದ ಜಾವಾ ಗಾಡಿಯನ್ನು ಇಲ್ಲಿ ತಯಾರಿಸತೊಡಗಿತು. ಮುಂದೆ ಅದೇ ಯೆಜ್ಡಿ ಎಂಬ ಹೆಸರಿನಿಂದ ಬಂತು. ಮೈಸೂರು, ಮಂಡ್ಯ, ಕೊಡಗಿನ ಮನೆಗಳಲ್ಲಿ ಈ ಗಾಡಿ ಒಬ್ಬ ಮನೆಮಗನಂತಿತ್ತು. ಅದರ ಹಿಂದಿನ ಚೈನನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ? ಮೇಲೆ, ಕೆಳಗೆ, ಹಿಂದೆ, ಮುಂದೆ, ಎಲ್ಲ ಕಡೆ ಹೊದಿಕೆ. ಕಾಫಿತೋಟದ ಕೆಸರಿನಲ್ಲಿ ಎರಡು ಮೂಟೆ ಹೇರಿಕೊಂಡು ಹೋದರೂ ಚೈನಿಗೆ ಮಣ್ಣು ಸೋಕದು. ಪೂರ್ವ ಜರ್ಮನಿಯ ಎಂಜೆಡ್ ಗಾಡಿಗಳಲ್ಲೂ ರಬ್ಬರಿನ ಸುಕ್ಕುಕೊಳವೆಯೊಳಗೆ ಚೈನನ್ನು ಓಡಿಸುವ ಇಂಥದೇ ಏರ್ಪಾಡಿತ್ತು. ಅವುಗಳ ಚೈನಿನ ದೀರ್ಘಾಯುಷ್ಯ ಸವಾರರ ನಡುವೆ ಮನೆಮಾತಾಗಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕೂಡ ಪೂರ್ಣ ಕವಚದ ಗಾಡಿಯೇ. ಗುಮಾಸ್ತರು, ಮೇಷ್ಟರು, ಎಲ್‌ಐಸಿ ಏಜೆಂಟರು ಬಿಳಿ ಪ್ಯಾಂಟು ತೊಟ್ಟು ಅದರಲ್ಲಿ ಓಡಾಡಿದರು.

ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಬೇರೆಯವರ ಕೈಯಲ್ಲಿ ಮರಳಿತು. ಟ್ಯಾಂಕಿನ ಆಕಾರ ಬಂತು, ಎರಡು ಕೊಳವೆ ಬಂತು, ಬಣ್ಣ ಬಂತು. ಚೈನಿನ ಪೂರ್ಣ ಕವಚ ಮಾತ್ರ ಬರಲಿಲ್ಲ. ಅಜ್ಜನ ಪೇಟ ತಂದು ಪಂಚೆ ಮರೆತ ಹಾಗಾಯಿತು.

ಕವಚ ಹೋದದ್ದು ಏಕೆ? ಎಂಜಿನಿಯರಿಂಗ್ ಕಾರಣವೇನೂ ನನಗೆ ಕಾಣುವುದಿಲ್ಲ. ರೇಸಿನ ಗಾಡಿಗೆ ಕವಚವಿಲ್ಲ, ಏಕೆಂದರೆ ಅಲ್ಲಿ ಪ್ರತಿ ಓಟಕ್ಕೂ ಸ್ಪ್ರಾಕೆಟ್ ಬದಲಿಸುತ್ತಾರೆ, ಓಟ ಮುಗಿದೊಡನೆ ಚೈನು ಕಳಚಿ ತೊಳೆಯುವ ಆಳುಗಳಿದ್ದಾರೆ. ನಮ್ಮ ಮನೆಯ ಗಾಡಿಗೆ ಆ ಆಳುಗಳು ಸಿಗುವುದಿಲ್ಲ, ಚಂದ ಮಾತ್ರ ಸಿಗುತ್ತದೆ. ಮೇಲುಗಡೆ ಒಂದು ಪ್ಲಾಸ್ಟಿಕ್ ಪಟ್ಟಿ ಕೂರಿಸಿ "ಚೈನ್ ಗಾರ್ಡ್" ಎನ್ನುತ್ತಾರೆ. ಅದು ಸವಾರನ ಪ್ಯಾಂಟಿಗೆ ತುಸು ರಕ್ಷಣೆ ಕೊಟ್ಟೀತು, ಚೈನಿಗಂತೂ ಇಲ್ಲ. ಕಳೆದ ವರ್ಷ ತಂಗಿಯ ಮಗನಿಗೆ ಗಾಡಿ ಕೊಡಿಸಲೆಂದು ಉಪನಗರದ ಒಂದು ಷೋರೂಮಿಗೆ ಹೋಗಿದ್ದೆ. ನೂರೈವತ್ತು ಸಿಸಿ ಗಾಡಿಗೆ ಪೂರ್ಣ ಕವಚ ಬೇಕು, ಬೇಕಾದರೆ ಹೆಚ್ಚಿನ ದುಡ್ಡು ಕೊಡುತ್ತೇನೆ ಎಂದೆ. ಮಾರಾಟದ ಹುಡುಗ ನಕ್ಕ. "ಕಾಕಾ, ಅದನ್ನು ಹಾಕಿದರೆ ಹಾಲು ಹಾಕುವವನ ಗಾಡಿಯ ಹಾಗೆ ಕಾಣುತ್ತದೆ" ಎಂದ. ಹಾಲು ಹಾಕುವವನು ವರ್ಷದ ಮುನ್ನೂರ ಅರವತ್ತೈದು ದಿನ, ನಸುಕಿನ ನಾಲ್ಕು ಗಂಟೆಗೆ, ಎರಡು ದೊಡ್ಡ ಕ್ಯಾನು ಹೇರಿಕೊಂಡು ಗಾಡಿ ಓಡಿಸುತ್ತಾನೆ. ಗಾಡಿಯ ವಿಷಯದಲ್ಲಿ ಯಾರಿಂದಲಾದರೂ ಕಲಿಯಬೇಕಾದರೆ ಅವನಿಂದಲೇ ಕಲಿಯಬೇಕು! ಹುಡುಗನಿಗೆ ಇದನ್ನು ಹೇಳಿದೆ. ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಇಷ್ಟು ಹೊತ್ತು ದುಡ್ಡು, ಬಾಳಿಕೆಗಳ ಮಾತಾಯಿತು. ಅಷ್ಟೇ ಆಗಿದ್ದರೆ ನಾನು ಈ ಪುಟಗಳನ್ನು ತುಂಬಿಸುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಮೋಟರ್‌ಸೈಕಲ್ಲು ಒಬ್ಬನ ವಾಹನವಲ್ಲ, ಸಂಸಾರದ ವಾಹನ. ಕಾನೂನು ಹಿಂದೆ ಒಬ್ಬರನ್ನೇ ಒಪ್ಪುತ್ತದೆ. ಸಂಸಾರ ಎಷ್ಟು ಮಂದಿಯನ್ನು ಒಪ್ಪುತ್ತದೆ ಎಂಬುದು ಡೊಂಬಿವಿಲಿ ಸ್ಟೇಷನ್ ರಸ್ತೆಯಲ್ಲಿ ಸಂಜೆ ನಿಂತರೆ ಗೊತ್ತಾಗುತ್ತದೆ. ಹಿಂದೆ ಕೂರುವ ಹೆಂಗಸು ಸೀರೆ ಉಟ್ಟಿದ್ದರೆ ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು ಕೂರುತ್ತಾಳೆ. ಈಗ ಗಾಡಿಯ ಎಡಗಡೆಯನ್ನೇ ಒಮ್ಮೆ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಚೈನಿರುವುದು ಅದೇ ಎಡಗಡೆ. ಸೀರೆಯ ನಿರಿಗೆ ಇಳಿಯುವ ಜಾಗ, ಚೂಡಿದಾರದ ವೇಲು ಹಾರಿ ಬೀಳುವ ಜಾಗ, ನಿದ್ದೆಗಣ್ಣಿನ ಮಗುವಿನ ಪಾದ ಜೋಲುವ ಜಾಗ, ಎಲ್ಲ ಅಲ್ಲೇ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದೆಂದು ಒಂದು ನಿಯಮವಿದೆ. ಹಿಂಬದಿಯವರಿಗೆ ಕೈಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು, ಅವರ ಬಟ್ಟೆ ಗಾಲಿಗೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆ ಇರಬೇಕು ಎಂದು ಅದು ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಒಳ್ಳೆಯ ನಿಯಮ. ಆದರೆ ಅದು ಹೆಸರಿಸುವುದು ಗಾಲಿಯನ್ನು. ಗಾಲಿಯ ಕಡ್ಡಿಗೆ ಸಿಕ್ಕ ಸೆರಗಾದರೂ ಒಂದು ಸುತ್ತು ಸುತ್ತಿ ಎಳೆಯುತ್ತದೆ. ಚೈನಿಗೂ ಸ್ಪ್ರಾಕೆಟಿಗೂ ನಡುವೆ ಸಿಕ್ಕದ್ದನ್ನು ಹಲ್ಲು ಕಚ್ಚಿ ಒಳಕ್ಕೆ ಸೆಳೆಯುತ್ತದೆ, ಬಿಡುವುದಿಲ್ಲ. ಸೀರೆ ಗಾರ್ಡು ಮುಗಿಯುವಲ್ಲಿ ಬೆತ್ತಲೆ ಚೈನು ಶುರುವಾದರೆ ಆ ಗಾರ್ಡು ಕಾದದ್ದು ಏನನ್ನು? ತರುಣರು ಆ ಗಾರ್ಡನ್ನೂ "ಅಸಹ್ಯ" ಎಂದು ಮೊದಲ ವಾರವೇ ಬಿಚ್ಚಿಸಿ ಹಾಕುತ್ತಾರೆಂಬುದು ಬೇರೆ ಮಾತು.

ಇನ್ನೊಂದು ಅಪಾಯ ನಿಂತ ಗಾಡಿಯದು. ಬೆತ್ತಲೆ ಚೈನನ್ನು ಒರೆಸಬೇಕು, ಎಣ್ಣೆ ಹಾಕಬೇಕು ಎಂದು ಹುಡುಗರು ಭಾನುವಾರ ಬೆಳಿಗ್ಗೆ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ತಳ್ಳಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುತ್ತಾರೆ. ಬೇಗ ಆಗುತ್ತದಲ್ಲ! ಬಟ್ಟೆಯ ತುದಿ ಸ್ಪ್ರಾಕೆಟಿಗೆ ಸಿಕ್ಕಿದರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ಕೈ ಹಿಂದಕ್ಕೆಳೆಯಲು ಸಮಯವಿರುವುದಿಲ್ಲ. ಬೆರಳು ತುಂಡಾಗಿ ಬಂದವರು ಕೈಯ ಶಸ್ತ್ರವೈದ್ಯರಿಗೆ ಹೊಸಬರಲ್ಲ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡುವ ಮೂರು ವರ್ಷದ ಕೂಸಿಗೆ ಹೊಳೆಯುತ್ತ ಓಡುವ ಚೈನೆಂದರೆ ಆಟಿಕೆ. ದಯವಿಟ್ಟು ಕೇಳಿ: ಎಂಜಿನ್ ನಿಲ್ಲಿಸಿ, ಬೀಗದಕೈ ಜೇಬಿಗೆ ಹಾಕಿ, ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿ. ಹತ್ತು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ. ಪೂರ್ಣ ಕವಚವಿದ್ದಲ್ಲಿ ಈ ಸಾಹಸಕ್ಕೆ ಅವಕಾಶವೇ ಕಡಿಮೆ. ಒರೆಸುವ ಅಗತ್ಯವೂ ಕಡಿಮೆ, ಬೆರಳು ತೂರಿಸಲು ಜಾಗವೂ ಇಲ್ಲ.

ಬೆಲ್ಟಿನ ಮಿತ್ರರು ಇಲ್ಲಿ "ಅದಕ್ಕೇ ಹೇಳಿದ್ದು, ಬೆಲ್ಟು ಹಾಕಿ, ಒರೆಸುವ ಗೋಜೇ ಇಲ್ಲ" ಎನ್ನಬಹುದು. ಸರಿ. ಆದರೆ ತಿರುಗುವ ಹಲ್ಲಿನ ಪಟ್ಟಿಗೂ ಸೆರಗು ಸಿಕ್ಕುತ್ತದೆ, ಬೆರಳೂ ಸಿಕ್ಕುತ್ತದೆ. ಬೆಲ್ಟಿಗೂ ಹೊದಿಕೆ ಬೇಕೇ ಬೇಕು. ಹೊದಿಕೆ ಹಾಕುವುದೇ ಆದರೆ, ಅಗ್ಗದ, ಎಲ್ಲೆಡೆ ಸಿಗುವ, ಕಲ್ಲಿಗೆ ಹೆದರದ ಚೈನಿಗೇ ಹಾಕಬಾರದೇಕೆ?

ಬಲದ ನಷ್ಟದ ಮಾತನ್ನೂ ಕೆಲವರು ಎತ್ತುತ್ತಾರೆ. ಶುಚಿಯಾಗಿ, ನೇರವಾಗಿ ಓಡುವ ಚೈನಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ನಷ್ಟ. ಬೆಲ್ಟಿನದೂ ಅದೇ ಆಸುಪಾಸು. ಅದನ್ನು ಸದಾ ಬಿಗಿಯಾಗಿ ಎಳೆದೇ ಇಡಬೇಕಾದ್ದರಿಂದ ಗಾಡಿ ಮೆಲ್ಲಗೆ ಓಡುವಾಗಲೂ ಆ ಬಿಗಿತದ ತೆರಿಗೆ ತಪ್ಪದು. ಪೆಟ್ರೋಲಿನ ಲೆಕ್ಕದಲ್ಲಿ ಯಾರೂ ಗೆಲ್ಲುವುದಿಲ್ಲ, ಬಿಡಿ.

ಕವಚದ ಮೇಲೆ ಮೆಕ್ಯಾನಿಕ್ಕುಗಳು ಹೇಳುವ ದೂರು ಎರಡು. ಒಂದು, ಪಂಕ್ಚರಿಗೆ ಗಾಲಿ ಬಿಚ್ಚುವುದು ತಡವಾಗುತ್ತದೆ. ಇದು ತಿಳಿಯದವರ ಮಾತು. ಹಳೆಯ ಪೂರ್ಣ ಕವಚದ ಹಲವು ಗಾಡಿಗಳಲ್ಲಿ ಸ್ಪ್ರಾಕೆಟು ಚೈನಿನೊಡನೆ ಕವಚದಲ್ಲೇ ಉಳಿದು, ಗಾಲಿಯೊಂದೇ ಹೊರಗೆ ಬರುವಂತೆ ಏರ್ಪಾಡಿತ್ತು. ಕೈಗೆ ಎಣ್ಣೆ ಮೆತ್ತದೆ ಗಾಲಿ ಬಿಚ್ಚಬಹುದಾಗಿತ್ತು. ಎರಡು, ಕವಚ ಖಣಖಣ ಸದ್ದು ಮಾಡುತ್ತದೆ. ಮಾಡುತ್ತದೆ, ಒಳಗೆ ಚೈನು ಸಡಿಲಾದಾಗ. ಅದು ಮನೆಯ ಹಿರಿಯರ ಕೆಮ್ಮಿನಂತೆ ಒಂದು ಸೂಚನೆ. ಸದ್ದು ಕೇಳಿಸಿದಾಗ ಚೈನು ಬಿಗಿಸಬೇಕು. ನಮ್ಮ ಮೆಕ್ಯಾನಿಕ್ಕು ಕವಚವನ್ನೇ ಬಿಚ್ಚಿ ಗುಜರಿಗೆ ಹಾಕುತ್ತಾನೆ.

ಮುಚ್ಚಿಟ್ಟರೆ ಜನ ಚೈನನ್ನು ಮರೆತೇ ಬಿಡುತ್ತಾರೆ ಎಂಬ ಮೂರನೆಯ ಆಕ್ಷೇಪಣೆಯಲ್ಲಿ ಹುರುಳಿದೆ. ಮುಚ್ಚಿದ ಚೈನಿಗೂ ಆಗಾಗ ಎಣ್ಣೆ ಬೇಕು, ಸಡಿಲು ನೋಡಬೇಕು. ಅದಕ್ಕಾಗಿಯೇ ಕವಚಕ್ಕೆ ರಬ್ಬರಿನ ಮುಚ್ಚಳವಿರುವ ಒಂದು ಕಿಂಡಿ ಇರುತ್ತದೆ. ಬೆರಳಿನಿಂದ ಒತ್ತಿದರೆ ಚೈನು ಎರಡರಿಂದ ಮೂರು ಸೆಂಟಿಮೀಟರು ಆಡಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಳತೆ ಇದೆ. ಬಿಗಿದಷ್ಟೂ ಒಳ್ಳೆಯದು ಎಂದು ವೀಣೆಯ ತಂತಿಯಂತೆ ಬಿಗಿಸುವವರಿದ್ದಾರೆ. ಇಬ್ಬರು ಕುಳಿತು ಹೊಂಡಕ್ಕಿಳಿದಾಗ ಹಿಂದಿನ ಗಾಲಿ ಮೇಲೆದ್ದು ಚೈನು ಇನ್ನೂ ಬಿಗಿಯುತ್ತದೆ, ಗೇರ್‌ಬಾಕ್ಸಿನ ಬೇರಿಂಗು ನರಳುತ್ತದೆ.

ವಿದ್ಯುತ್ ಗಾಡಿಗಳ ಕಾಲದಲ್ಲಿ ಇದೆಲ್ಲ ಹಳೆಯ ಮಾತಾಗಲಿಲ್ಲವೆ ಎಂದು ಕೇಳುತ್ತೀರಿ. ಬೆಂಗಳೂರಿನ ಏಥರ್‌ನವರು 2018ರಲ್ಲಿ ತಂದ 450 ಸ್ಕೂಟರಿಗೆ ಬೆಲ್ಟು ಹಾಕಿದರು. ಅಲ್ಲಿ ಅದು ಒಪ್ಪತಕ್ಕದ್ದೇ. ಎಂಜಿನ್ನಿನ ಸದ್ದಿಲ್ಲದ ಗಾಡಿಯಲ್ಲಿ ಚೈನಿನ ಸದ್ದು ಎದ್ದು ಕೇಳುತ್ತದೆ, ಓಟವೂ ಹೆಚ್ಚಾಗಿ ಊರೊಳಗಿನದು. ಆದರೆ ಅದೇ ಬೆಂಗಳೂರಿನ ಅಲ್ಟ್ರಾವಯಲೆಟ್‌ನವರು 2022ರ ತಮ್ಮ ಎಫ್ 77 ವಿದ್ಯುತ್ ಮೋಟರ್‌ಸೈಕಲ್ಲಿಗೆ ಆರಿಸಿದ್ದು ಚೈನು. ಬೆಲ್ಟಿನಿಂದ ಶುರುಮಾಡಿದ ಓಲಾದವರು 2025ರ ಮೂರನೆಯ ಪೀಳಿಗೆಯ ಸ್ಕೂಟರುಗಳಲ್ಲಿ ಚೈನಿಗೆ ತಿರುಗಿದರು. ಹೊಸತು ಬಂದರೆ ಹಳೆಯದು ತಾನಾಗಿ ತೊಲಗುತ್ತದೆ ಎನ್ನುವವರು ಇದಕ್ಕೆ ಏನೆನ್ನುತ್ತಾರೋ.

ನಾನು ಕೇಳುವುದು ಎರಡೇ. ಒಂದು, 123ನೆಯ ನಿಯಮಕ್ಕೆ ಒಂದು ಸಾಲು ಸೇರಲಿ: ಗಾಲಿಯ ಜೊತೆಗೆ, ಹಿಂಬದಿಯವರ ಬಟ್ಟೆಗೂ ಕಾಲಿಗೂ ಎಟಕುವ ಚೈನಾಗಲಿ ಬೆಲ್ಟಾಗಲಿ ಪೂರ್ತಿ ಮುಚ್ಚಿರಲಿ. ಎರಡು, ನೂರೈವತ್ತು ಸಿಸಿಯೊಳಗಿನ ಪ್ರತಿ ಗಾಡಿಗೂ ಪೂರ್ಣ ಕವಚವನ್ನು ಬೇಕೆಂದವರಿಗೆ ಬಿಡಿಭಾಗವಾಗಿಯಾದರೂ ತಯಾರಕರು ಮಾರಲಿ. ಗಿರಾಕಿ ಕೇಳುವುದಿಲ್ಲ ಎಂಬುದು ಅವರ ನೆಪ. ಮುಂದಿನ ದಸರೆಗೆ ಗಾಡಿ ಕೊಳ್ಳುವ ನಮ್ಮ ಸದಸ್ಯರು ಷೋರೂಮಿನಲ್ಲಿ ಬಣ್ಣ, ಮೈಲೇಜು, ಮೊಬೈಲ್ ಚಾರ್ಜರುಗಳ ಮಾತು ಮುಗಿದ ಮೇಲೆ ಈ ಒಂದು ಪ್ರಶ್ನೆಯನ್ನೂ ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಹಳೆಯ ಗಾಡಿಯ ಕವಚ ಬಿಚ್ಚಿ ಅಟ್ಟದ ಮೇಲೆ ಎಸೆದವರು ಅದನ್ನು ಇಳಿಸಿ ನೋಡಿ. ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ಒರೆಸಿ, ಒಳಮೈಗೆ ಒಂದು ಕೈ ಬಣ್ಣ ಬಳಿಯಿರಿ. ಚೈನಿನ ಕೀಲುಗಳಿಗೆ ರಬ್ಬರಿನ ಉಂಗುರಗಳಿದ್ದರೆ ಅದನ್ನು ಪೆಟ್ರೋಲಿನಿಂದ ತೊಳೆಯಬೇಡಿ, ಉಂಗುರ ಕೆಡುತ್ತದೆ. ಸೀಮೆಎಣ್ಣೆಯೇ ಸಾಕು, ಆಮೇಲೆ ತೊಂಬತ್ತನೆಯ ನಂಬರಿನ ಗೇರೆಣ್ಣೆ. ಕವಚವನ್ನು ಕೂರಿಸುವಾಗ ಕೆಳಗಿನ ಬೋಲ್ಟುಗಳಿಗೆ ವಾಷರು ಹಾಕಲು ಮರೆಯದಿರಿ. ಮಳೆಗಾಲದಲ್ಲಿ ಮೊದಲು ಕಳಚಿ ಬೀಳುವುದು ಅವೇ.